ಹೆಬ್ಬೆರಳು ಇಟ್ಟ ಜಾಗ

ಮಾನ್ವಿಯ ಟೌನ್ ಕಮಿಟಿಗೆ ಐದು ಮಂದಿ ಮೆಂಬರರು, ಒಬ್ಬ ಅಹಲ್ಕಾರ, ಅಂದರೆ ಗುಮಾಸ್ತ, ಮತ್ತು ಪೀರಾ ಸಾಬ್. ಪೀರಾ ಸಾಬ್ ಜವಾನ. ಕಮಿಟಿ ನಡೆಸುವವರು ಯಾರು ಅಂತ ಊರಾಗ ಕೇಳಿದರೆ ಜನ ಅವನ ಹೆಸರನ್ನೇ ಹೇಳುತ್ತಿದ್ದರು, ಅರ್ಧ ಚೇಷ್ಟೆಗೆ, ಅರ್ಧ ಖರೇನೇ.

ಯಾಕಂದರೆ ಮೀಟಿಂಗು ಅನ್ನೋದು ವರ್ಷಕ್ಕೆ ಎರಡು ಸಲ ಆದರೆ ಹೆಚ್ಚು. ಉಳಿದ ಕೆಲಸವೆಲ್ಲ ಗಸ್ತಿ ಕಾಗದದ ಮೇಲೆ. ಅಹಲ್ಕಾರ ಒಂದು ವಿಷಯ ಬರೆದು, ಕೆಳಗೆ ಎರಡು ಚೌಕ ಮನೆ ಗೀಚಿ, ಬಲಗಡೆಯದಕ್ಕೆ ಮಂಜೂರು, ಎಡಗಡೆಯದಕ್ಕೆ ನಾಮಂಜೂರು ಅಂತ ಹಾಕಿ, ಕೆಂಪು ಅರಿವೆಯಲ್ಲಿ ಸುತ್ತಿ ಪೀರಾ ಸಾಬನ ಕೈಗೆ ಕೊಡುತ್ತಿದ್ದ. ಅವನು ಮೆಂಬರರ ಮನೆ ಮನೆಗೆ ಹೋಗಿ ಸಹಿ ಮಾಡಿಸಿಕೊಂಡು ಬರಬೇಕು. ಕಾಗದವೆಲ್ಲ ನಿಜಾಮ ಸರಕಾರದ ಉರ್ದು. ನಾಲ್ಕು ಮಂದಿ ಮೆಂಬರರಿಗೆ ಉರ್ದು ಮಾತಾಡಲು ಬರುತ್ತಿತ್ತೇ ಹೊರತು ಓದಲು ಬರುತ್ತಿರಲಿಲ್ಲ. ಓದಲು ಬರುತ್ತಿದ್ದ ಐದನೆಯವರಿಗೆ ಕಣ್ಣಿನಲ್ಲಿ ಪೊರೆ. ಪೀರಾ ಸಾಬನಿಗಂತೂ ಯಾವ ಭಾಷೆಯ ಅಕ್ಷರವೂ ಬಾರದು. ಆದರೆ ಜಾಗ ಗೊತ್ತಿತ್ತು. ಬಲಗಡೆಯ ಮನೆಯ ಮೇಲೆ ಹೆಬ್ಬೆರಳಿಟ್ಟು "ಇಲ್ಲೇರೀ ಯಪ್ಪಾ" ಅನ್ನುತ್ತಿದ್ದ. ಅವರು ಬೆರಳಿನ ಪಕ್ಕಕ್ಕೆ ಸಹಿ ಎಳೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಹೀಗೇ ನಡೆದಿತ್ತು, ಒಂದು ಸಲವೂ ಕೆಟ್ಟಿರಲಿಲ್ಲ.

ಕೆಡದೆ ಇದ್ದದ್ದು ಹಳೆಯ ಅಹಲ್ಕಾರ ಪ್ರಾಣೇಶರಾಯರ ಪುಣ್ಯ ಅಂತ ಆಗ ಯಾರಿಗೆ ಗೊತ್ತು? ರಾಯರು ಮೆತ್ತಗಿನ ಜೀವ. ಊರವರ ಮನಸ್ಸಿನಲ್ಲಿ ಏನದೆ ಅಂತ ಕಟ್ಟೆಯ ಮೇಲೆ ಕೂತು ಕೇಳಿಕೊಂಡು, ಅದೇ ಬಲಗಡೆಗೆ ಬರುವ ಹಾಗೆ ವಿಷಯವನ್ನು ಬರೆಯುತ್ತಿದ್ದರು. ಅದನ್ನು ಅವರು ಬಾಯಿಬಿಟ್ಟು ಹೇಳಿದವರಲ್ಲ. ಜರ್ಮನಿ ಯುದ್ಧ ಇನ್ನೂ ನಡೆದಿದ್ದ ಆ ಬೇಸಿಗೆಯಲ್ಲಿ ಪೆನ್ಶನ್ ತಗೊಂಡು ರಾಯಚೂರಿಗೆ, ಮಗಳ ಮನೆಗೆ ಹೋದರು. ಅವರ ಜಾಗಕ್ಕೆ ಹೊಸಬನೊಬ್ಬ ಬಂದ. ಚಿಕ್ಕ ವಯಸ್ಸು, ಚಂದದ ಕೈಬರಹ, ಕಾಯಿದೆ ಬಿಟ್ಟು ಮಾತಿಲ್ಲ.

ಅದೇ ಬೇಸಿಗೆಯಲ್ಲಿ ಗುಲಾಮ್ ದಸ್ತಗೀರ್ ತೀರಿಕೊಂಡ. ಊರಿನ ನಲವತ್ತು ಬೀದಿ ದೀಪಗಳ ಗುತ್ತಿಗೆ ಹದಿನೆಂಟು ವರ್ಷದಿಂದ ಅವನದೇ. ಸೀಮೆಎಣ್ಣೆ ಕಮಿಟಿಯದು, ನಿಚ್ಚಣಿಕೆ ಕಮಿಟಿಯದು, ದುಡಿಮೆ ಅವನದು. ಬೆಳದಿಂಗಳಿಲ್ಲದ, ಅಮಾವಾಸ್ಯೆಯ ಕಡೆಯ ಹದಿನೈದು ದಿನ ಹೊತ್ತು ಮುಳುಗುವಾಗ ನಿಚ್ಚಣಿಕೆ ಹೊತ್ತು ಹೊರಡುತ್ತಿದ್ದ. ಹೊತ್ತು ಹೊತ್ತು ಆ ನಿಚ್ಚಣಿಕೆಯ ಒಂದು ಮಗ್ಗುಲು ಅವನ ಹೆಗಲಿನ ಅಳತೆಗೆ ಸವೆದು ತಗ್ಗು ಬಿದ್ದಿತ್ತು. ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟ. ಉಳಿದವರು ಹೆಂಡತಿ ಕುಬ್ರಾ ಬೇಗಂ, ಮದುವೆಯ ವಯಸ್ಸಿನ ಮಗಳು ವಾಹಿದಾ.

ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಇದ್ದತ್ತಿಗೆ ಕೂಡಬೇಕು, ಹೊಸ್ತಿಲು ದಾಟುವ ಹಾಗಿಲ್ಲ. ದೀಪ ನಿಂತರೆ ಗುತ್ತಿಗೆಯೂ ಹೋಗುತ್ತದೆ. ಆಗ ಪೀರಾ ಸಾಬನೇ ಮುಂದೆ ಬಂದ. ದಸ್ತಗೀರ್ ಅವನ ಜೊತೆಗೆ ಬೆಳೆದವನು. ಮುಂಜಾನೆ ದೀಪದ ಗಾಜುಗಳನ್ನು ಬುಟ್ಟಿಯಲ್ಲಿ ತಂದು ಆ ಮನೆಯ ಬಾಗಿಲಿಗೆ ಇಡುತ್ತಿದ್ದ. ತಾಯಿ ಮಗಳು ಬೂದಿ ಹಚ್ಚಿ ತಿಕ್ಕಿ ಕೊಡುತ್ತಿದ್ದರು. ಕಚೇರಿ ಬಾಗಿಲು ಹಾಕಿದ ಮೇಲೆ ತಾನೇ ನಿಚ್ಚಣಿಕೆ ಹೊರುತ್ತಿದ್ದ. ಅದು ಅವನ ಹೆಗಲಿಗೆ ಕೂಡುತ್ತಿರಲಿಲ್ಲ, ಸಂಜೆಗೊಮ್ಮೆ ಚರ್ಮ ಸುಲಿಯುತ್ತಿತ್ತು. ಹೀಗೆ ತಿಂಗಳೆರಡು ಕಳೆದ ಮೇಲೆ ಕುಬ್ರಾ ಬೇಗಂ ಪರದೆಯ ಒಳಗಿನಿಂದ ಒಂದು ಮಾತು ಕೇಳಿಸಿದಳು. ಗುತ್ತಿಗೆ ನನ್ನ ಹೆಸರಿಗೇ ಆಗಲಿ, ಗಾಜು ನಾವು ನೋಡಿಕೊಳ್ಳತೀವಿ, ಹತ್ತಿ ಇಳಿಯಲು ಒಬ್ಬ ಆಳು ಇಟ್ಟರಾಯಿತು. ಇಲ್ಲದಿದ್ದರೆ ಗಿಲ್ಲೆಸುಗೂರಿಗೆ, ತಮ್ಮನ ಮನೆಗೆ ಹೋಗಬೇಕು. ಅಲ್ಲಿ ನಾದಿನಿಯ ಕೈಕೆಳಗೆ ಮಗಳನ್ನು ನಿಲ್ಲಿಸಲು ನನಗೆ ಮನಸ್ಸಿಲ್ಲ ಅಂದಳು.

ಪೀರಾ ಸಾಬ್ ಅರ್ಜಿ ಬರೆಸಿ ಅಹಲ್ಕಾರನಿಗೆ ಕೊಟ್ಟ. ಹತ್ತು ದಿನಕ್ಕೆ ಗಸ್ತಿ ಕಾಗದ ಸಿದ್ಧವಾಯಿತು. ದೀಪದ್ದೇ ಏನ್ರೀ ಅಂತ ಕೇಳಿದ. ಹೌದು, ದೀಪದ್ದೇ ಅಂತ ಅಹಲ್ಕಾರ ಹೇಳಿದ. ಅಷ್ಟು ಸಾಕಾಯಿತು ಇವನಿಗೆ.

ಅವತ್ತು ಮುಂಜಾನೆ ಗಾಜಿನ ಬುಟ್ಟಿ ಇಡಲು ಮೊದಲು ಆ ಮನೆಗೇ ಹೋದ, ಬಗಲಲ್ಲಿ ಕೆಂಪು ಗಂಟು. ವಾಹಿದಾ ನಾಲ್ಕನೆಯ ಇಯತ್ತೆ ತನಕ ಶಾಲೆಗೆ ಹೋದವಳು, ಉರ್ದು ನೀರು ಕುಡಿದ ಹಾಗೆ ಓದುತ್ತಿದ್ದಳು. ಬಾಗಿಲ ಸಂದಿಯಿಂದ ನಕ್ಕು, "ಚಾಚಾ, ಅದರಾಗ ನಮ್ಮ ಹೆಸರು ಅದ ಏನು? ಒಂದ್ಸಲ ತೋರಸ್ರಲಾ, ಓದಿ ಕೊಡತೀನಿ" ಅಂದಳು.

"ಸರಕಾರಿ ಕಾಗದ ಬೇಟಿ. ಕಂಡವರ ಬಾಗಲಾಗ ಬಿಚ್ಚಿದರ ನನ್ನ ನೌಕರಿ ಬಿಚ್ಚತಾರ" ಅಂದ, ತಾನೂ ನಕ್ಕ.

ಮುಂದೆ ಐದು ಮನೆ. ಒಂದೊಂದು ಮನೆಯಲ್ಲೂ ಕುಬ್ರಾ ಬೇಗಂಳ ಕಥೆ ಹೇಳಿದ. ಒಬ್ಬರು ಕಣ್ಣೊರೆಸಿಕೊಂಡರು, ಇನ್ನೊಬ್ಬರು ಮಜ್ಜಿಗೆ ಕೊಟ್ಟರು. ಹತ್ತಿ ವ್ಯಾಪಾರದ ವಿರೂಪಣ್ಣ, ಎಲ್ಲರಿಗಿಂತ ಹಳೆಯ ಮೆಂಬರು, ತಕ್ಕಡಿ ಮುಂದೆ ಕೂತಲ್ಲೇ ಚೇಷ್ಟೆ ಮಾಡಿದ. "ಬುರ್ಖಾ ಹಾಕ್ಕೊಂಡು ನಿಚ್ಚಣಕಿ ಹತ್ತತಾಳೇನೋ ಪೀರಾ? ಇಲ್ಲಾ ನೀನೇ ಹತ್ತತೀಯೋ? ವಯಸ್ಸು ನೋಡಿಕೊಂಡು ಹತ್ತಪ್ಪಾ, ನೀ ಬಿದ್ದರ ನಮ್ಮ ಕಮಿಟೀನೇ ಬೀಳತದ." ಚೇಷ್ಟೆ ಮುಗಿಸಿ, ದಸ್ತಗೀರ್ ಒಳ್ಳೆಯವನಿದ್ದ, ಅವನ ಮನೆ ದೀಪ ನಾವು ಆರಿಸಬಾರದು ಅಂದ. ಹೆಬ್ಬೆರಳಿನ ಪಕ್ಕಕ್ಕೆ ಸಹಿ ಮಾಡಿದ. ಐದಕ್ಕೆ ಐದೂ ಬಲಗಡೆ. ಪೀರಾ ಸಾಬನಿಗೆ ಆ ಸಂಜೆ ನಲವತ್ತು ದೀಪ ಹಚ್ಚಿದ್ದೇ ಗೊತ್ತಾಗಲಿಲ್ಲ.

ಕಾಗದ ರಾಯಚೂರಿಗೆ ಹೋಗಿ, ಮೊಹರು ಬಿದ್ದು ತಿಂಗಳಿಗೆ ವಾಪಸು ಬಂತು. ಅಹಲ್ಕಾರ ಅದನ್ನು ಓದಿ, ಡಂಗುರದವನನ್ನು ಕರೆದುಕೊಂಡು ಬಾ ಅಂದ. ಶುಕ್ರವಾರ ದೀಪದ ಗುತ್ತಿಗೆಯ ಹರಾಜು.

ಹರಾಜು ಹೆಂಗರೀ, ಅದು ಮಂಜೂರ್ ಆಗ್ಯದಲ್ಲ ಅಂತ ಪೀರಾ ಸಾಬ್ ಕೇಳಿದ. ಮಂಜೂರಾದದ್ದೇ ಅದು ಅಂದ ಅಹಲ್ಕಾರ. ಸಿಟ್ಟಿಲ್ಲದೆ, ಬೆರಳಿಟ್ಟು ಓದಿ ಹೇಳಿದ. ಗುತ್ತಿಗೆದಾರ ಸತ್ತರೆ ಗುತ್ತಿಗೆ ಮುಗಿಯಿತು ಅಂತ ಕಾಯಿದೆ. ಅದರ ಪ್ರಕಾರವೇ ಬರೆದಿದ್ದ: ಸತ್ತವನ ಹೆಂಡತಿಯ ಅರ್ಜಿ ಬದಿಗಿಟ್ಟು ಹರಾಜು ಕರೆಯಬಹುದೇ? ಐದೂ ಮಂದಿ ಮಂಜೂರು ಅಂದಿದ್ದಾರೆ. ಬೇಡ ಅನ್ನುವವರು ಎಡಗಡೆ ಸಹಿ ಮಾಡಬೇಕಿತ್ತು. "ಒಬ್ಬರಾದರೂ ಮಾಡತಾರ ಅಂತ ನಾನೂ ಅನ್ಕೊಂಡಿದ್ದೆ" ಅಂತ ಮೆಲ್ಲಗೆ ಹೇಳಿದ.

ಪೀರಾ ಸಾಬ್ ತನ್ನ ಹೆಬ್ಬೆರಳನ್ನು ನೋಡಿಕೊಂಡ. ಬೂದಿ, ಮಸಿ, ಅಂಚಿಗೆ ಸೀಮೆಎಣ್ಣೆಯ ಹಳದಿ.

ವಿರೂಪಣ್ಣನ ಅಂಗಡಿಗೆ ಓಡಿದ. ತಪ್ಪು ನಂದರೀ ಯಪ್ಪಾ, ನೀವು ಐದೂ ಮಂದಿ ಒಂದು ಮಾತು ಬರೆದು ಕೊಟ್ಟರೆ ಸರಿಯಾಗತದ ಅಂದ. ವಿರೂಪಣ್ಣ ಕೇಳುತ್ತಾ ಕೇಳುತ್ತಾ ತಕ್ಕಡಿಯನ್ನು ಕೆಳಗಿಟ್ಟ.

"ಏನಂತ ಬರಕೊಡಲಿ? ಓದಲಾರದ ಸಹಿ ಮಾಡೀನಿ ಅಂತೇನು? ಹಂಗಾರ ಹಿಂದಿನ ಇಪ್ಪತ್ತೆರಡು ವರ್ಷದ್ದು ಯಾವುದು ಓದಿ ಮಾಡಿದ್ದಿ ಅಂತ ಕೇಳತಾರ. ಬಾವಿದು, ಶಾಲಿದು, ಸಂತಿದು, ಎಲ್ಲಾ ಬಿಚ್ಚತಾರ. ಐದು ಮಂದಿ ಮಾನದ್ದು ಅದ ಇದು, ಪೀರಾ."

"ಆಕಿದು ಹೊಟ್ಟಿದ್ದು ಅದರೀ."

ವಿರೂಪಣ್ಣ ಮುಖ ಆ ಕಡೆ ತಿರುಗಿಸಿದ. ಬೇಕಾದರೆ ನನ್ನ ಮನೆಯಿಂದ ಎರಡು ಚೀಲ ಜೋಳ ಕಳಿಸತೀನಿ ಅಂದ. ಉಳಿದ ನಾಲ್ಕು ಮನೆಗಳಲ್ಲಿ ಜೋಳದ ಮಾತೂ ಬರಲಿಲ್ಲ.

ಕುಬ್ರಾ ಬೇಗಂಳಿಗೆ ಹೇಳುವುದಿತ್ತು. ಮೆಂಬರರು ಒಪ್ಪಲಿಲ್ಲ ಅಂದುಬಿಟ್ಟರೆ ಮುಗಿಯುತ್ತಿತ್ತು, ದಾರಿಯುದ್ದ ಅದನ್ನೇ ಅಂದುಕೊಂಡು ಬಂದ. ಪರದೆಯ ಮುಂದೆ ಕೂತ ಮೇಲೆ ಆಗಲಿಲ್ಲ. ಎಲ್ಲರೂ ಒಪ್ಪಿದ್ದರು, ನಾನೇ ಬೆರಳಿಟ್ಟು ಕೆಡಿಸಿದೆ ಅಂದ. ಒಳಗೆ ಗಾಜು ತಿಕ್ಕುವ ಸಪ್ಪಳ ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು. ಇವತ್ತಿನ ದೀಪಕ್ಕೆ ಹೊತ್ತಾಗತದ ಭಾಯ್, ಬುಟ್ಟಿ ತಗೊಂಡು ಹೋಗ್ರಿ ಅಂದಳು ಕುಬ್ರಾ ಬೇಗಂ. ಓದಿ ಕೊಡತೀನಿ ಅಂದ ಆ ಮುಂಜಾನೆಯ ಮಾತು ಮೂವರಿಗೂ ನೆನಪಿತ್ತು. ವಾಹಿದಾ ಅದನ್ನು ಎತ್ತಲಿಲ್ಲ. ಎತ್ತಿ ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ.

ಹರಾಜಿನಲ್ಲಿ ಗುತ್ತಿಗೆ ದೇವದುರ್ಗದ ಒಬ್ಬನಿಗೆ ಹೋಯಿತು. ಇದ್ದತ್ತು ಮುಗಿದ ಮೂರನೆಯ ದಿನ ಅಹಲ್ಕಾರ ಒಂದು ಕಾಗದ ಕೊಟ್ಟು, ದಸ್ತಗೀರನ ಮನೆಯಿಂದ ಸಾಮಾನು ತಂದು ರಸೀದಿಗೆ ಹೆಬ್ಬೆಟ್ಟು ಹಾಕಿಸಿಕೊಂಡು ಬಾ ಅಂದ.

ಕುಬ್ರಾ ಬೇಗಂ ಈಗ ಬಾಗಿಲಿಗೆ ಬಂದಳು. ಅಂಗಳದಲ್ಲಿ ಗಿಲ್ಲೆಸುಗೂರಿಗೆ ಹೋಗುವ ಗಂಟುಗಳು ಕಟ್ಟಿದ್ದವು. ನಿಚ್ಚಣಿಕೆಯನ್ನು ಗೋಡೆಗೆ ಆನಿಸಿ, ಒರೆಸಿ ಇಟ್ಟಿದ್ದಳು. ಮಸಿಯ ಡಬ್ಬಿ ತಂದು, ಹೆಬ್ಬೆರಳು ಅದ್ದಿ, ಕಾಗದದ ಮೇಲೆ ಬಗ್ಗಿ ಕೇಳಿದಳು.

"ಎಲ್ಲಿ ಒತ್ತಲಿ ಭಾಯ್?"

ಪೀರಾ ಸಾಬನ ಕೈ ರೂಢಿಯಂತೆ ಎದ್ದಿತು. ಅರ್ಧಕ್ಕೆ ನಿಂತಿತು. ಕೈಯನ್ನು ಹಿಂದಕ್ಕೆ ತಗೊಂಡು ಮಡಿಲಲ್ಲಿ ಇಟ್ಟುಕೊಂಡ. "ನನಗ ಓದಾಕ ಬರಂಗಿಲ್ಲವ್ವಾ. ವಾಹಿದಾ ಓದಲಿ."

ವಾಹಿದಾ ಕಾಗದ ತಗೊಂಡು ಜೋರಾಗಿ ಓದಿದಳು. ನಿಚ್ಚಣಿಕೆ ಒಂದು. ಎಣ್ಣೆ ಡಬ್ಬಿ ಎರಡು. ಗಾಜು ನಲವತ್ತು. ಇವನ್ನೆಲ್ಲ ಸ್ವಂತ ಖುಷಿಯಿಂದ ಕಮಿಟಿಗೆ ಒಪ್ಪಿಸಿದ್ದೇವೆ, ನಮ್ಮದೇನೂ ತಕರಾರಿಲ್ಲ.

ಖುಷಿಯಿಂದ ಅಂತ ಬರೆದಾರ? ಅಂತ ಕುಬ್ರಾ ಬೇಗಂ ಕೇಳಿದಳು. ಬರೆದಾರ ಅಮ್ಮೀ, ಅಂದಳು ಮಗಳು. ಬೆರಳಿನ ಮಸಿ ಒಣಗುತ್ತಿತ್ತು. ಕುಬ್ರಾ ಬೇಗಂ ಮತ್ತೊಮ್ಮೆ ಅದ್ದಿದಳು, ಮಗಳು ತೋರಿಸಿದ ಕಡೆ ಒತ್ತಿದಳು.

ಪೀರಾ ಸಾಬ್ ನಿಚ್ಚಣಿಕೆ ಎತ್ತಿ ಹೆಗಲಿಗೆ ಹಾಕಿದ. ತಗ್ಗು ಯಾವತ್ತಿನಂತೆ ಹಿಂದಕ್ಕೆ ಬಂತು, ಮುಂದಕ್ಕೆ ಜರುಗಿಸಿದ, ಕೂಡಲಿಲ್ಲ. ಹಾಗೇ ಹೊತ್ತುಕೊಂಡು ಕಚೇರಿಯ ಕಡೆ ನಡೆದ. ವಿರೂಪಣ್ಣ ಅಂಗಡಿಯಿಂದ ಅವನನ್ನು ನೋಡಿ, ಯಾರೋ ಕರೆದರು ಅನ್ನುವ ಹಾಗೆ ಒಳಗೆ ಹೋದ.