ರಗ್ನಿ ಅಜ್ಜಿಯ ಅಣ್ಣನ ಪಟ

ಓಸ್ಲೋ ನಗರದಂಚಿನ ಗ್ರೂರುಡ್‌ನ ನಮ್ಮ ಕಟ್ಟಡದಲ್ಲಿ ಮೆಟ್ಟಿಲು ತೊಳೆಯುವ ಸರದಿಯ ವಿಷಯಕ್ಕೆ ನನಗೂ ರಗ್ನಿ ಅಜ್ಜಿಗೂ ಇಪ್ಪತ್ತು ವರ್ಷದಿಂದ ಜಗಳ. ಆಕೆಗೆ ತೊಂಬತ್ತು ದಾಟಿದೆ. ನಾನು ಪಾಕಿಸ್ತಾನದ ಖಾರಿಯಾನ್‌ನಿಂದ ಓಸ್ಲೋಗೆ ಸೊಸೆಯಾಗಿ ಬಂದು, ಇಲ್ಲೇ ಬಸ್ಸು ಓಡಿಸಿ ನಿವೃತ್ತಳಾದವಳು. ಇಡೀ ನಗರಕ್ಕೆ ನನ್ನ ಮೇಲೆ ನಂಬಿಕೆಯಿತ್ತು. ಅಜ್ಜಿಗೆ ಮಾತ್ರ ನಾನು ಒರೆಸಿದ ಮೂಲೆಗೆ ಬೆರಳಾಡಿಸಿ ನೋಡದಿದ್ದರೆ ಕಾಫಿ ಇಳಿಯುವುದಿಲ್ಲ. ನೋಡಿ, ಬೈದು, ಆಮೇಲೆ ವಾಫಲ್ ಮಾಡಿ ಕೊಡುತ್ತಾಳೆ.

ಆ ಶನಿವಾರ ನಾನು ವಾಫಲನ್ನೂ ತಟ್ಟೆಯಲ್ಲೇ ಬಿಟ್ಟೆ. ದೇಶದಿಂದ ಇಸ್ಲಾಮನ್ನು ಓಡಿಸುತ್ತೇವೆಂದು ಹೊರಟ ಗುಂಪೊಂದು ಮರುದಿನ ನಮ್ಮ ಚೌಕದಲ್ಲಿ ಸಭೆ ಇಟ್ಟುಕೊಂಡಿತ್ತು. ಎರಡನೇ ಮಹಾಯುದ್ಧದಲ್ಲಿ ನಾರ್ವೆಯನ್ನು ಆಕ್ರಮಿಸಿದ್ದ ಜರ್ಮನ್ನರಿಗೆ ಎದುರು ನಿಂತವರ ವಾರಸುದಾರರು ಇವರಂತೆ! ಬ್ಯಾನರಿನ ನಟ್ಟನಡುವೆ ಅಜ್ಜಿಯ ಅಣ್ಣ ಹಾಲ್ವರನ ಪಟ. ಜರ್ಮನ್ನರು ಗುಂಡಿಟ್ಟು ಕೊಂದಾಗ ಅವನಿಗಿನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಅಜ್ಜಿ ಪೊಲೀಸರನ್ನು ಕೇಳಿದರೆ, ಹಳೆಯ ಪಟ, ತಡೆಯುವುದಕ್ಕೆ ಬರುವುದಿಲ್ಲ ಎಂದುಬಿಟ್ಟರು.

ನಾನು ಅಲ್ಲೇ ಇರುವಾಗ ಗುಂಪಿನ ಮುಖಂಡ ಸ್ಟೈನಾರ್ ಫೋನು ಮಾಡಿ ಅಜ್ಜಿಯನ್ನು ವೇದಿಕೆಗೆ ಕರೆದ. ಅಜ್ಜಿ "ಆಗ್ಲಿ, ಬರ್ತೀನಿ" ಅಂದಳು.

"ತಲೆ ನೆಟ್ಟಗಿದ್ಯಾ ಅಜ್ಜಿ? ನನ್ನ ಓಡ್ಸೋಕೆ ಬಂದವರ ಪಕ್ಕ ಹೋಗಿ ಕೂರ್ತೀಯಾ?"

"ನಮ್ಮಣ್ಣ ಅಲ್ಲಿದ್ದಾನೆ ಕಣೆ ಶಗುಫ್ತಾ. ಅವನನ್ನ ಕರ್ಕೊಂಡು ಬರ್ಬೇಕು."

"ಹೇಗೆ?"

"ನಿನಗ್ಯಾಕೆ? ನೀನು ಮೆಟ್ಟಿಲು ಒರ್ಸು, ಹೋಗು."

ನನಗೆ ಮೈ ಉರಿದುಹೋಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆ. ಇಷ್ಟು ವರ್ಷ ಬೈಸಿಕೊಂಡ ಮೇಲೆ ಈ ಮುದುಕಿಯನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಭಾನುವಾರ ಚೌಕದ ಅಂಚಿನ ಬೆಂಚಿನಲ್ಲಿ ಒಬ್ಬಳೇ ಕೂತು ನೋಡಿದೆ. ಕುರ್ಚಿಗಳಲ್ಲಿ ಹೆಚ್ಚಾಗಿ ಮುದುಕರೇ. ಅರ್ಧ ಜನ ಹಾಲ್ವರನ ಹೆಸರು ಕೇಳಿ ಬಂದವರು. ಸ್ಟೈನಾರ್ ಅಜ್ಜಿಯ ಕೈ ಹಿಡಿದು ವೇದಿಕೆಯಲ್ಲಿ ಪಟದ ಕೆಳಗೆ ಕೂರಿಸಿ, ಪಕ್ಕದಲ್ಲಿ ತಾನೂ ಕೂತ. ಅಜ್ಜಿ ಎದ್ದಳು. ಕೋಲೂರಿಕೊಂಡು ಆ ತುದಿಯ ಕುರ್ಚಿಗೆ ಹೋಗಿ ಕೂತಳು. ಪಾಪ, ಮರ್ಯಾದಸ್ಥ! ಅವನೂ ಹಿಂದೆಯೇ ಹೋಗಿ ಪಕ್ಕದಲ್ಲಿ ಕೂತ. ಅಜ್ಜಿ ಮತ್ತೆ ಎದ್ದಳು. ಈ ಸಲ ನಿಂತೇಬಿಟ್ಟಳು.

ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸ್ಟೈನಾರ್ ಮೈಕು ಹಿಡಿದ. "ಅಜ್ಜೀ, ಕೂತ್ಕೊಳ್ಳಿ. ಕುರ್ಚಿ ಖಾಲಿ ಇರೋವಾಗ ಯಾರೂ ನಿಲ್ಲೋ ಹಾಗಿಲ್ಲ."

ಮುದುಕರೆಲ್ಲ ಗೊಳ್ಳೆಂದರು. ಯಾಕೆಂದು ಅವನಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಅಜ್ಜಿ ಅವನ ಕೈಯಿಂದ ಮೈಕು ತೆಗೆದುಕೊಂಡಳು.

"ಅಲ್ಲಪ್ಪಾ, ಟ್ರಾಮಿನಲ್ಲಿ ಜರ್ಮನ್ ಸಿಪಾಯಿ ಪಕ್ಕ ಬಂದು ಕೂತ್ರೆ ನಾವು ಎದ್ದು ನಿಲ್ತಿದ್ವಿ. ಅವರಿಗೆ ಅವಮಾನ ಆಗಿ ನೋಟೀಸು ಅಂಟಿಸಿದ್ರು, ಸೀಟು ಖಾಲಿ ಇರೋವಾಗ ನಿಲ್ಲೋ ಹಾಗಿಲ್ಲ ಅಂತ. ಆ ಮಾತನ್ನ ಇವತ್ತು ನಿನ್ನ ಬಾಯಲ್ಲಿ ಕೇಳಿದೆ. ನಮ್ಮಣ್ಣ ನೋಟೀಸು ಓದ್ಕೊಂಡೇ ನಿಲ್ತಿದ್ದ, ಟ್ರಾಮಿಂದ ದಬ್ಬಿಸ್ಕೊಳ್ತಿದ್ದ. ನಿನ್ನ ಪಕ್ಕದಲ್ಲೂ ಅವನು ಕೂರ್ತಿರ್ಲಿಲ್ಲ. ಇಳ್ಸು ಅವನನ್ನ."

"ಅಜ್ಜಿಗೆ ವಯಸ್ಸಾಗಿದೆ..." ಎಂದು ಸ್ಟೈನಾರ್ ಏನೋ ಹೇಳಹೊರಟ. ಅಷ್ಟರಲ್ಲಿ ಮುಂದಿನ ಸಾಲಿನ ಮುದುಕನೊಬ್ಬ ಮೊಣಕಾಲು ಹಿಡಿದುಕೊಂಡು ಎದ್ದು ನಿಂತ. ಅವನ ಹೆಂಡತಿ ಎದ್ದಳು. ಹಿಂದಿನ ಸಾಲು ಎದ್ದಿತು. ಸ್ಟೈನಾರ್ ಒಬ್ಬನೇ ಕೂತಿದ್ದ. ಕೊನೆಗೆ ಅವರದೇ ಗುಂಪಿನ ಹೆಂಗಸೊಬ್ಬಳು, ಯಾರ ಮುಖವನ್ನೂ ನೋಡದೆ, ಬ್ಯಾನರಿನ ಹಗ್ಗ ಬಿಚ್ಚಿ ಬಟ್ಟೆ ಮಡಚಿ ಅಜ್ಜಿಯ ಕೈಗಿಟ್ಟಳು.

ಅಜ್ಜಿ ಮೆಲ್ಲಗೆ ಇಳಿದು ಬಂದಳು. ದಾರಿಯುದ್ದಕ್ಕೂ ಖಾಲಿ ಕುರ್ಚಿಗಳು. ಒಬ್ಬಿಬ್ಬರು ಕೈ ತೋರಿಸಿ ಕೂರಲು ಕರೆದರು. ಆಕೆ ಎಲ್ಲವನ್ನೂ ದಾಟಿ ಚೌಕದ ಈ ಅಂಚಿಗೆ, ನನ್ನ ಬೆಂಚಿನವರೆಗೆ ನಡೆದು ಬಂದಳು.

"ಸ್ವಲ್ಪ ಸರ್ಕೊಳ್ಳೆ."

ಸರಿದೆ. ಉಸ್ಸಪ್ಪಾ ಎಂದು ಕೂತು, ಅಣ್ಣನ ಪಟವನ್ನು ನಮ್ಮಿಬ್ಬರ ತೊಡೆಯ ಮೇಲೆ ಹರಡಿದಳು.