ಮಾಳಿಗೆಯ ಮೇಲಿನ ಡಿಶ್

"ಇವತ್ತೂ ಹೋತೇನ್ರಿ?" ಬ್ಯಾಗು ಹೆಗಲಿನಿಂದ ಇಳಿಸುವ ಮೊದಲೇ ಕರುಣಾ ಕೇಳಿದಳು.

"ನಾಕ ಗಂಟೇಕ ಹೋತ ನೋಡವಾ," ಎಂದಳು ಅತ್ತೆ ಗುಡ್ಡವ್ವ, ಅವರೆಕಾಯಿ ಸುಲಿಯುತ್ತ, ತಲೆ ಎತ್ತದೆ.

ಟಿ.ವಿ. ಪರದೆಯ ತುಂಬ ನೀಲಿ ಬಣ್ಣ, ನಡುವೆ 'ಸಿಗ್ನಲ್ ಇಲ್ಲ' ಎಂಬ ಅಕ್ಷರ. ಮೂರು ವಾರದಲ್ಲಿ ಇದು ಏಳನೆಯ ಸಲ. ಡಿಶ್ ಗಾಳಿಗೆ ಹೊರಳಿದ್ದರೆ ಹೊತ್ತು ಗೊತ್ತಿಲ್ಲದೆ ಹೊರಳಬೇಕು. ಗಡಿಯಾರ ನೋಡಿ ನಾಲ್ಕಕ್ಕೇ ಬೀಸುವ ಗಾಳಿ ಗೋಪನಕೊಪ್ಪದಲ್ಲಿ ಇಲ್ಲ ಎಂದು ಕರುಣಾಳಿಗೆ ಖಾತ್ರಿಯಿತ್ತು.

ಡಿಶ್ ತಂದವನು ಗಂಡ ಶಶಿಕುಮಾರ, ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ತಿಂಗಳು ತಿಂಗಳು ಕಟ್ಟುವ ಕೇಬಲ್ ಯಾಕೆ, ಒಮ್ಮೆ ಕೊಂಡರೆ ಮುಂದೆಲ್ಲ ಪುಕ್ಕಟೆ ಎಂದು ಸರ್ಕಾರಿ ಚಾನೆಲ್‌ಗಳ ಡಿಶ್ಶನ್ನು ಬೈಕಿನ ಹಿಂದೆ ಕಟ್ಟಿಕೊಂಡು ಬಂದಿದ್ದ. ಗೋಡೆಗೆ ಒಂದೂ ಮೊಳೆ ಹೊಡೆಯಕೂಡದು ಎಂಬುದು ಮನೆಯೊಡತಿಯ ಕರಾರು. ಆದ್ದರಿಂದ ಹಳೆಯ ಪೇಂಟ್ ಡಬ್ಬಿಯಲ್ಲಿ ಸಿಮೆಂಟು ತುಂಬಿ, ಅದರಲ್ಲಿ ಪೈಪು ನಿಲ್ಲಿಸಿ, ಮಾಳಿಗೆಯ ಮೇಲಿಟ್ಟ. ಅರ್ಧ ಬೆರಳು ಅತ್ತ, ಅರ್ಧ ಬೆರಳು ಇತ್ತ ಎಂದು ತಿರುಗಿಸುತ್ತ ಇಡೀ ರವಿವಾರ ಬಿಸಿಲಲ್ಲಿ ಕಳೆದ. ಚಿತ್ರ ಬಂದಾಗ ತಾನೇ ಉಪಗ್ರಹ ಹಾರಿಸಿದವನಂತೆ ಹಿಗ್ಗಿದ. "ಅವ್ವಾ, ಇನ್ನ ನಿನಗ ಬ್ಯಾಸರಿಲ್ಲ ನೋಡು," ಎಂದ. ಗುಡ್ಡವ್ವನೂ ಹೂಂಗುಟ್ಟಿದಳು.

ಕರುಣಾಳ ಅನುಮಾನವೆಲ್ಲ ಕೆಳಗಿನ ಮನೆಯ ಮೇಲೆ. ಅಲ್ಲಿದ್ದವರು ಮನೆಯೊಡತಿ ಪ್ರಭಾವತಿ ಅಕ್ಕೋರು, ಶಾಲೆಯ ಶಿಕ್ಷಕಿಯಾಗಿ ನಿವೃತ್ತರಾದವರು. ಡಿಶ್ ಇಟ್ಟ ದಿನ ಮೆಟ್ಟಿಲ ಬುಡದಲ್ಲಿ ನಿಂತು, "ಇದು ಇಲ್ಲೇ ಇರ್ತದೇನ್ರಿ?" ಎಂದು ಕೇಳಿದ್ದರು. ಕೇಳಿದ್ದು ಅಷ್ಟೇ. ಕರುಣಾಳ ಕಿವಿಯಲ್ಲಿ ಮಾತ್ರ ಅದು 'ನೀವು ಇಲ್ಲೇ ಇರ್ತೀರೇನ್ರಿ' ಎಂದು ಉಳಿದುಕೊಂಡಿತ್ತು.

ಅನುಮಾನ ಆಕೆಯ ಹುಟ್ಟುಗುಣವೇನಲ್ಲ, ಬಾಡಿಗೆ ಮನೆಗಳು ಕಲಿಸಿದ್ದು. ಶಶಿಕುಮಾರನ ತಂದೆಯ ಕಾಲದಲ್ಲೇ ಅವರ ಮನೆತನ ಬೌದ್ಧ ದೀಕ್ಷೆ ತೆಗೆದುಕೊಂಡಿತ್ತು. ಹಿಂದೆ ಬೈರಿದೇವರಕೊಪ್ಪದಲ್ಲಿದ್ದಾಗ ಮಾಲೀಕ ಒಂದು ಸಂಜೆ ಕ್ರಿಕೆಟ್ ನೋಡಲು ಬಂದು ಕೂತ. ಗೋಡೆಯ ಮೇಲಿನ ಬುದ್ಧನ ಚಿತ್ರವನ್ನೊಮ್ಮೆ, ಇವರ ಮುಖವನ್ನೊಮ್ಮೆ ನೋಡಿ, "ನೀವು ಯಾವ ಪೈಕಿರಿ?" ಎಂದ. ಮುಂದಿನ ವಾರ ಮೇಲಿನ ಟಾಕಿಗೆ ನೀರು ಏರುವುದು ನಿಂತಿತು. ತಿಂಗಳಿಗೆ, "ಮಗಳು ಇರಾಕ ಬರಾಕತ್ತಾಳ್ರಿ, ಮನಿ ಬೇಕಾಗೈತಿ," ಎಂದ. ಮಗಳು ಬರಲಿಲ್ಲ, ಮನೆ ಬಾಡಿಗೆಗಿದೆ ಎಂಬ ಬೋರ್ಡು ಬಂತು.

ಅದಕ್ಕೆ ಈ ಮನೆಯಲ್ಲಿ ಚಿತ್ರ ಸೂಟ್‌ಕೇಸಿನಲ್ಲೇ ಇತ್ತು. ಅತ್ತೆಗೂ ತಾಕೀತಾಗಿತ್ತು: "ಕೆಳಗ ಹೋಗಿ ಕುಂದ್ರಬ್ಯಾಡ್ರಿ. ಮಾತಿಗೆ ಮಾತು ಬೆಳೀತಾವ, ಆಮ್ಯಾಲ ಮತ್ತ ಮನಿ ಹುಡುಕೂದು ಬರ್ತೈತಿ." ತಹಶೀಲ್ದಾರ ಕಚೇರಿಯಲ್ಲಿ ಊರಿನವರ ದಾಖಲೆಗಳನ್ನೆಲ್ಲ ತಿರುವಿಹಾಕುವ ಗುಮಾಸ್ತೆ ಕರುಣಾಳಿಗೆ, ತನ್ನ ಮನೆಯ ಒಂದು ಸಂಗತಿಯನ್ನು ಹೀಗೆ ಬಚ್ಚಿಟ್ಟುಕೊಂಡು ಬದುಕಬೇಕಾದ್ದಕ್ಕೆ ಆಗಾಗ ತನ್ನ ಮೇಲೇ ಸಿಟ್ಟು ಬರುತ್ತಿತ್ತು.

"ಅಲ್ಲಿ ನೀರು, ಇಲ್ಲಿ ಡಿಶ್. ಶುರು ಆತ ನೋಡ್ರಿ," ಎಂದಳು ಅಂದು ರಾತ್ರಿ ಊಟಕ್ಕೆ ಕೂತಾಗ.

"ಅಕ್ಕೋರು ಅಂಥವರಲ್ಲ ಬಿಡು," ಎಂದ ಶಶಿಕುಮಾರ. ಹಾಗೆನ್ನುತ್ತಲೇ ಮಾಳಿಗೆಗೆ ಹೋಗಿ ಡಿಶ್ ಸರಿಪಡಿಸಿ, ಡಬ್ಬಿಯ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು ಬಂದ. ಮರುದಿನ ಸಂಜೆ ಡಬ್ಬಿ ಗೆರೆಯಿಂದ ನಾಲ್ಕು ಬೆರಳು ಆಚೆ ಇತ್ತು. ಸಿಮೆಂಟಿನ ಡಬ್ಬಿಯನ್ನು ಗಾಳಿ ತಳ್ಳುವುದಿಲ್ಲ ಎಂಬುದನ್ನು ವಿಜ್ಞಾನದ ಮಾಸ್ತರನೂ ಒಪ್ಪಬೇಕಾಯಿತು.

ಶುಕ್ರವಾರ ಕರುಣಾ ಅರ್ಧ ದಿನ ರಜೆ ಹಾಕಿದಳು. ಯಾರಿಗೂ ಹೇಳದೆ, ಚಪ್ಪಲಿ ಕೈಯಲ್ಲಿ ಹಿಡಿದು, ನೇರ ಮಾಳಿಗೆ ಹತ್ತಿ ನೀರಿನ ಟಾಕಿಯ ಹಿಂದೆ ಕೂತಳು. ಹಿಡಿದ ಮೇಲೆ ಅಕ್ಕೋರಿಗೆ ಏನೇನು ಅನ್ನಬೇಕೆಂದು ಮನಸ್ಸಿನಲ್ಲೇ ಸಾಲು ಜೋಡಿಸಿದಳು. ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿರುವಾಗ ಮೆಟ್ಟಿಲ ಮೇಲೆ ಸಪ್ಪಳವಾಯಿತು. ಒಂದು ಮೆಟ್ಟಿಲು, ತುಸು ತಡೆ, ಇನ್ನೊಂದು ಮೆಟ್ಟಿಲು.

ಬಂದವಳು ಗುಡ್ಡವ್ವ. ಮೊಣಕಾಲು ನೋವೆಂದು ಬಟ್ಟೆ ಒಣಹಾಕಲೂ ಮೇಲೆ ಬಾರದವಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಟ್ಟೆ ಹಿಡಿದು, ಅಡ್ಡ ನಿಂತ ಎಮ್ಮೆಯನ್ನು ಸರಿಸುವ ಹಾಗೆ ಡಬ್ಬಿಯನ್ನು ಕಾಲಿನಿಂದ ಒತ್ತಿದಳು. ಡಿಶ್ ಅತ್ತ ಮುಖ ಮಾಡಿತು. ಬಂದಷ್ಟೇ ನಿಧಾನಕ್ಕೆ ಇಳಿದುಹೋದಳು. ತನ್ನ ಮನೆಯ ಬಾಗಿಲಿನಲ್ಲಿ ನಿಲ್ಲದೆ ಹಾಗೇ ಕೆಳಗಿಳಿದಳು.

ಕರುಣಾಳಿಗೆ ಜೋಡಿಸಿಟ್ಟ ಮಾತೆಲ್ಲ ಮರೆತುಹೋಯಿತು. ಆಕೆಯೂ ಹಿಂದೆಯೇ ಇಳಿದಳು.

ಕೆಳಗಿನ ಮನೆಯ ಬಾಗಿಲು ತೆರೆದಿತ್ತು. ಟಿ.ವಿ.ಯಲ್ಲಿ ಯಾವುದೋ ಧಾರಾವಾಹಿ. ಅಕ್ಕೋರು ಸೋಫಾದ ಮೇಲೆ, ಗುಡ್ಡವ್ವ ಚಾಪೆಯ ಮೇಲೆ. ಮನೆಯಲ್ಲೂ ಗುಡ್ಡವ್ವ ಕೂಡುವುದು ನೆಲದ ಮೇಲೆಯೇ. ಆದರೂ ಕರುಣಾಳ ಕಣ್ಣು ಮೊದಲು ಬಿದ್ದದ್ದು ಆ ಚಾಪೆಯ ಮೇಲೆ.

"ಬರ್ರಿ ಕರುಣಾ, ಇವತ್ತ ಲಗೂ ಬಂದ್ರಿ?" ಎಂದರು ಅಕ್ಕೋರು.

"ಟಿ.ವಿ. ಹೋಗಿತ್ತವಾ, ಅದಕ್ಕ..." ಎಂದಳು ಗುಡ್ಡವ್ವ.

"ಹೆಂಗ ಹೋತು ಅನ್ನೂದನ್ನ ಮ್ಯಾಲ ಕುಂತು ನೋಡೇನ್ರಿ."

ಗುಡ್ಡವ್ವ ಸೆರಗಿನ ಅಂಚು ತೀಡತೊಡಗಿದಳು. "ಈ ಧಾರಾವಾಹಿ ಆ ಡಿಶ್‌ನ್ಯಾಗ ಬರೂದಿಲ್ಲ. ಬರೂದಿಲ್ಲ ಅಂದ್ರ ಶಶಿ ಮನಸಿಗೆ ಹಚ್ಕೋತಾನ, ಬಿಸಲಾಗ ನಿಂತು ಹಚ್ಯಾನ. ಕೆಳಗ ಯಾಕ ಹೋಗಿದ್ರಿ ಅಂತ ನೀ ಕೇಳಿದ್ರ ನನಗೂ ಒಂದ ನೆವ ಬೇಕಲ್ಲ."

ಅಕ್ಕೋರು ನಕ್ಕರು. "ಇರ್ಲಿ ಬಿಡ್ರಿ. ಇವರು ಬಂದ್ರ ನನಗೂ ಹೊತ್ತು ಹೋಗ್ತದ. ನಿಮ್ಮ ಲಗ್ನದ ಸುದ್ದೀನೂ ಹೇಳ್ಯಾರ. ನಿಮ್ಮ ಬೌದ್ಧ ಗುರುಗಳು ಭಂತೇಜಿ ಬಂದು ಮಾಡಿಸಿದ್ರಂತ, ನೀವಿಬ್ಬರೂ ಬಿಳಿ ಬಟ್ಟಿ ಉಟ್ಟಿದ್ರಂತ. ಛಲೋ ಅನಸ್ತು."

ಕರುಣಾ ಅತ್ತೆಯ ಕಡೆ ನೋಡಿದಳು. "ಯಾವಾಗ ಹೇಳಿದ್ರು ಇವರು?"

"ಆಗಲೇ ಹದಿನೈದು ದಿನಾತು. ಕೂಡ್ರಿ, ಚಾ ತರ್ತೇನಿ," ಎಂದು ಅಕ್ಕೋರು ಒಳಗೆ ಹೋದರು.

ಹದಿನೈದು ದಿನ. ನೀರು ನಿಂತಿಲ್ಲ, ಯಾರ ಮಗಳೂ ಬರುತ್ತಿಲ್ಲ. ಕರುಣಾ ಸೋಫಾದ ತುದಿಯಲ್ಲಿ ಕೂತಳು. ಎದೆಯ ಮೇಲಿನ ಭಾರ ತುಸು ಇಳಿದಂತಾಯಿತು. ಅಷ್ಟರಲ್ಲಿ ಗುಡ್ಡವ್ವ ಎದ್ದು, ವರಾಂಡದ ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಿದ್ದ ಒಂದು ಚಹಾ ಕಪ್ಪು ತಂದಳು.

"ಇದ ನನ್ನ ಕಪ್ಪು," ಎಂದಳು ಹೆಮ್ಮೆಯಿಂದ. "ನನ್ನ ಸಲುವಾಗಿ ಬ್ಯಾರೆ ತಗದಿಟ್ಟಾರ ಅಕ್ಕೋರು."

ಇಳಿದ ಭಾರ ಮತ್ತೆ ಏರಿ ಕೂತಿತು. ಅಕ್ಕೋರು ಚಹಾ ತಂದರು, ಒಂದೇ ತರಹದ ಎರಡು ಕಪ್ಪುಗಳಲ್ಲಿ. ಒಂದನ್ನು ಕರುಣಾಳಿಗೆ ಕೊಟ್ಟು, ಗುಡ್ಡವ್ವನ ಕಪ್ಪಿಗೆ ಪಾತ್ರೆಯಿಂದ ಸುರಿದರು. "ನಮ್ಮ ಸಣ್ಣ ಕಪ್ಪಿನ್ಯಾಗ ನಿಮ್ಮ ಅತ್ತಿಯವರಿಗೆ ಚಾ ಸಾಲೂದಿಲ್ಲ," ಎಂದರು. ಕರುಣಾ ನೋಡಿದಳು. ಗುಡ್ಡವ್ವನದು ದೊಡ್ಡದು ಹೌದು, ಆದರೆ ಬಹಳ ದೊಡ್ಡದಲ್ಲ.

ಚಹಾ ಮುಗಿಯಿತು. ಗುಡ್ಡವ್ವ ಎದ್ದು ಅಂಗಳದ ನಲ್ಲಿಯಲ್ಲಿ ತನ್ನ ಕಪ್ಪು ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿ ಬಂದಳು.

"ನೀವ್ಯಾಕ ತೊಳದ್ರಿ?"

"ನಮ್ಮ ಮನ್ಯಾಗೂ ನಾನ ತೊಳ್ಕೋತೇನಲ್ಲವಾ."

ಅದೂ ಖರೆಯೇ. ಎಲ್ಲವೂ ಖರೆಯೇ ಇದ್ದಂತಿತ್ತು, ಅದೇ ಕರುಣಾಳನ್ನು ಹೆದರಿಸಿತು. ಖಾಲಿ ಕಪ್ಪು ಕೈಯಲ್ಲಿ ಹಿಡಿದು ಎದ್ದು ನಿಂತಳು. ಎಡಕ್ಕೆ ಅಂಗಳದ ಬಾಗಿಲು, ಬಲಕ್ಕೆ ಅಡಿಗೆಮನೆಯ ಹೊಸ್ತಿಲು. ಅಕ್ಕೋರು ಇಡ್ರಿ ಎನ್ನಲಿಲ್ಲ, ಕೊಡ್ರಿ ಎನ್ನಲಿಲ್ಲ. ಅವರ ಕಣ್ಣು ಧಾರಾವಾಹಿಯಲ್ಲಿತ್ತು, ಅಥವಾ ಇದ್ದಂತೆ ಕಂಡಿತು.

ಕರುಣಾ ಬಲಕ್ಕೆ ತಿರುಗಿ ಹೊಸ್ತಿಲು ದಾಟಿದಳು. ತೊಳೆಯುವ ಜಾಗದಲ್ಲಿ ಅಕ್ಕೋರ ಬೆಳಗಿನ ತಾಟು, ವಾಟಿ, ಅರ್ಧ ನೆನೆದ ಸೌಟು ಇದ್ದವು. ಅವುಗಳ ನಡುವೆ ತನ್ನ ಕಪ್ಪು ಇಟ್ಟು ನಲ್ಲಿ ಬಿಟ್ಟಳು. ಹಜಾರದಲ್ಲಿ ಟಿ.ವಿ.ಯ ಸದ್ದು ಸಣ್ಣದಾಯಿತು. ಸೋಫಾ ಕಿರುಗುಟ್ಟಿತು. ಕರುಣಾ ಹಿಂತಿರುಗಿ ನೋಡದೆ ನಲ್ಲಿಯನ್ನು ಎಳೆಯಷ್ಟು ಸಣ್ಣಗೆ ಮಾಡಿ, ಅಕ್ಕೋರಿಂದ ಬರುವ ಮಾತು ಕೇಳಲೆಂದು ನಿಂತಳು. ನೀರು ಕಪ್ಪು ತುಂಬಿ, ಅಂಚು ದಾಟಿ, ತಾಟಿನೊಳಗೆ ಇಳಿಯತೊಡಗಿತು.