ಸಿಂಕಿನ ಕೆಳಗಿನ ತಟ್ಟೆ

"ತಿನ್ನೋ ತಟ್ಟೇನೂ ಕಳ್ಕೊಂಡಿದೀಯಲ್ಲೇ, ದರಿದ್ರ ಮುಂಡೆ! ಹಾಗಂತ ನಮ್ಮ ತಟ್ಟೆ ಮುಟ್ಟೀಯ, ಹುಷಾರ್!"

ಮೀರಾ ಮೆಸಾದ ಮನೆಯಿಂದ ಮಗಳ ಕಾಲೇಜಿನವರೆಗೂ ಮೈಥಿಲಿ ಕಾರು ಓಡಿಸುತ್ತಲೇ ಬೈದಳು. ಹಿಂದಿನ ಸೀಟಿನಲ್ಲಿ ಮನೆಗೆಲಸದ ಚಿಕ್ಕತಾಯಮ್ಮ, ಕಾಲೇಜಿನ ಕಲಾಪ್ರದರ್ಶನಕ್ಕೆ ಬಂದವರಿಗೆ ಹಂಚಲಿದ್ದ ಉಪ್ಪಿಟ್ಟಿನ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಡಬ್ಬ ಹೊರಬಹುದು, ಮುಚ್ಚಳ ತೆಗೆಯುವಂತಿಲ್ಲ. ಆ ಮನೆಯ ಶಾಸ್ತ್ರವೇ ಹಾಗೆ.

"ನಾ ಕಳೀನಿಲ್ಲ ಕನ್ರವ್ವ. ಸಿಂಕ್ ಕೆಳಗ್ಲೇ ಮಡಗಿದ್ದಿ."

"ಬಾಯ್ಮುಚ್ಚು."

ಕೊರೊನಾ ಇಳಿದ ವರ್ಷ ನಂಜನಗೂಡು ಕಡೆಯ ಹೊಲಗೇರಿಯಿಂದ ವಿಮಾನ ಹತ್ತಿಸಿ ಅವಳನ್ನು ಈ ಪರದೇಶಕ್ಕೆ ಕರೆಸಿಕೊಂಡದ್ದು ಹಾಸಿಗೆ ಹಿಡಿದ ಅತ್ತೆಯ ಹೇಲುಚ್ಚೆ ಬಳಿಯಲು. ಬಳಿಯುವಾಗ ಅಡ್ಡ ಬರದ ಮಡಿ ಉಣ್ಣುವಾಗ ಬಂತು. ಬ್ಲೀಚ್ ಬಾಟಲಿಯ ಪಕ್ಕದಲ್ಲಿ ಅವಳಿಗೆಂದೇ ಒಂದು ಸ್ಟೀಲ್ ತಟ್ಟೆ, ಊಟ ಗ್ಯಾರೇಜಿನಲ್ಲಿ, ಮನೆಯವರ ಕಣ್ಣಿಗೆ ಬೀಳದಂತೆ. ಬೇರೆ ಪಾತ್ರೆಗಳ ಜೊತೆ ಬೆರೆಯದಿರಲೆಂದು ಮೈಥಿಲಿಯೇ ಅದರ ಅಂಚಿಗೆ ಮೊಳೆಯಿಂದ ಅಡ್ಡಗೀಟು ಕೊರೆದಿದ್ದಳು. ಮುದುಕಿ ಸತ್ತಳು. ಚಿಕ್ಕತಾಯಮ್ಮನ ಪಾಸ್‌ಪೋರ್ಟ್ ಮಾತ್ರ ಇನ್ನೂ ಯಜಮಾನಿಯ ಬೀರುವಿನಲ್ಲೇ ಇದೆ. ಒಂದು ವಾರದಿಂದ ತಟ್ಟೆಯೂ ಮಾಯ. ಅನ್ನ ಪೇಪರ್ ಟವೆಲಿನ ಮೇಲೆ.

ಕಾಲೇಜಿನ ಹಾಲಿನಲ್ಲಿ ವಿದ್ಯಾರ್ಥಿಗಳ ಕಲೆ ಸಾಲಾಗಿ ನಿಂತಿತ್ತು. ಒಬ್ಬ ಹರಿದ ಬೂಟುಗಳನ್ನು ಪೇರಿಸಿದ್ದ. ಇನ್ನೊಬ್ಬಳು ಮುರಿದ ಕುರ್ಚಿಯನ್ನು ತಲೆಕೆಳಗಾಗಿ ನೇತುಹಾಕಿದ್ದಳು. ಊರಲ್ಲಾದರೆ ತಿಪ್ಪೆಗೆ ಎಸೆಯುತ್ತಿದ್ದರು, ಇಲ್ಲಿ ದೀಪ ಹಾಕಿ ಇಟ್ಟಿದ್ದಾರೆ ಎಂದುಕೊಂಡು ಚಿಕ್ಕತಾಯಮ್ಮ ಮುಂದೆ ನಡೆದಳು.

ನಡುವೆ ಮೈಥಿಲಿಯ ಮಗಳು ಪ್ರಕೃತಿಯ ಕಲಾಕೃತಿ. ಬಿಳಿ ಪೀಠ, ಕೆಂಪು ರೇಷ್ಮೆ, ನಾಲ್ಕು ಸೇವಂತಿಗೆ. ಅದರ ಮೇಲೆ ತಟ್ಟೆ. ಅಂಚಿನಲ್ಲಿ ಅಡ್ಡಗೀಟು ಇತ್ತು.

"ಅಜ್ಜಿ ತಟ್ಟೆ, ಆಂಟಿ! ವೆರಿ ಸೇಕ್ರೆಡ್," ಎಂದಳು ಪ್ರಕೃತಿ, ಚಿಕ್ಕತಾಯಮ್ಮನತ್ತ ತಿರುಗಿ. "ಬೇರೆ ಪಾತ್ರೆ ಜೊತೆ ಮಿಕ್ಸ್ ಮಾಡ್ದೆ ಸೆಪರೇಟಾಗೇ ಇಡ್ತಾರೆ. ನೈನ್ತ್ ಗ್ರೇಡಲ್ಲಿ ನಾನು ಟಚ್ ಮಾಡ್ದೆ. ಅಜ್ಜಿ ಮುಟ್ಬೇಡ ಅಂತ ಕಿರುಚಿ, ಸ್ನಾನ ಮಾಡು ಅಂದ್ರು. ಸೋ ಹೋಲಿ!"

ಅಡ್ಡಗೀಟು, ಅವಳ ಪ್ರಕಾರ, ಪೂರ್ವಿಕರ ಮಂತ್ರಚಿಹ್ನೆ. ಬಿಳಿಯ ಪ್ರೊಫೆಸರಮ್ಮ ಭಕ್ತಿಯಿಂದ ಕೈಮುಗಿದಳು. ಪ್ರದರ್ಶನ ನೋಡಲು ಬಂದಿದ್ದ ಸೊರೆಂಟೊ ವ್ಯಾಲಿ ಕಂಪನಿಗಳ ಇಂಜಿನಿಯರುಗಳೂ ಮುಗಿದರು. ಆಮೇಲೆ ಎಲ್ಲರೂ ಮೈಥಿಲಿಯತ್ತ ತಿರುಗಿದರು. ಅವಳ ಬಾಯಲ್ಲಿ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಅವಳೂ ಕೈಮುಗಿದಳು.

ಚಿಕ್ಕತಾಯಮ್ಮನಿಗೆ ನಗು ಉಕ್ಕಿತು. ಅದರ ಹಿಂದೆಯೇ ಮೈಯೆಲ್ಲ ಸಿಟ್ಟು.

ಮೈ ತಾಗದಷ್ಟು ದೂರದಲ್ಲಿ ಬಗ್ಗಿ ಮೈಥಿಲಿ ಪಿಸುಗುಟ್ಟಿದಳು: "ಬಾಯಿ ಬಿಟ್ಟೆಯೋ, ಪಾಸ್‌ಪೋರ್ಟ್ ಮರೆತುಬಿಡು."

ಚಿಕ್ಕತಾಯಮ್ಮ ಡಬ್ಬವನ್ನು ಪೀಠದ ಮೇಲೆ ಕುಕ್ಕಿದಳು. ಮುಚ್ಚಳ ತೆಗೆದಳು. ಬರಿಗೈಯಲ್ಲೇ ಉಪ್ಪಿಟ್ಟು ಬಾಚಿ ತಟ್ಟೆಗೆ ಹಾಕಿ, ಯಜಮಾನಿಯ ಎದೆಮಟ್ಟಕ್ಕೆ ಹಿಡಿದಳು.

"ಪಾಸ್‌ಪೋರ್ಟು ಬೀರುವ್ಲೇ ಬಿದ್ದಿರ್ಲಿ. ನಾಕು ವರ್ಸ ನಾನು ಇದ್ರಲ್ಲೇ ಉಂಡಿವ್ನಿ. ಈಗ ದ್ಯಾವ್ರ ತಟ್ಟೆ ಆಯ್ತಲ್ಲ, ನೀವೂ ಒಂದ್ ತುತ್ತು ತಿನ್ರವ್ವ."

ಇದೂ ಕಲೆಯ ಭಾಗವೆಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಫೋನುಗಳು ಮೇಲೆದ್ದವು. ಪ್ರಕೃತಿಯ ನಗು ಮಾತ್ರ ಇಳಿದುಹೋಯಿತು.

"ಅಮ್ಮಾ, ಇದು ಆಂಟಿ ತಟ್ಟೆನಾ?"

ಮೈಥಿಲಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಮಗ ಕೇಳ್ತಾದೆ, ಹೇಳಿ," ಎಂದಳು ಚಿಕ್ಕತಾಯಮ್ಮ. ತಟ್ಟೆ ಇಳಿಸಲಿಲ್ಲ.